ಕುಬಸದ ಕುರ್ಚಿಯಲ್ಲಿ ನಡುಗಿದ ಸೊಸೆ

ಮೊನ್ನೆ ನನ್ನ ಮೊಮ್ಮಗಳು ನನ್ನ ಮೂಗುತಿಗೆ ಕೈ ಹಾಕಿ ಜಗ್ಗಿದಳು. ಕಣ್ಣಲ್ಲಿ ನೀರು ಬಂತು. "ಇನ್ನೊಮ್ಮಿ ಜಗ್ಗ ಬಂಗಾರಿ" ಅಂದೆ. ಜಗ್ಗಿದಳು.

ಆ ಮುಷ್ಟಿಯಲ್ಲಿ ಎಷ್ಟು ಬಲ ಇದೆ ಅನ್ನುವುದನ್ನು ರೋಣದ ಸಂತೆಯಲ್ಲಿ ಹೇಳಿಯಾಯಿತು. ಗಜೇಂದ್ರಗಡದ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೂ ಹೇಳಿದೆ (ಅವರೇನೂ ಕೇಳಿರಲಿಲ್ಲ). ಈಗ ನಿಮ್ಮ ಸರದಿ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು ವಾರವಾರ ಪೇಪರಿಗೆ ಬರೆಯುತ್ತಾಳೆಂದು ನಗುವವರು ನಗಲಿ. ಈ ವಾರ ನನ್ನನ್ನು ಹಿಡಿಯುವವರಿಲ್ಲ.

ಯಾಕೆ ಗೊತ್ತೇನು? ಈ ಕೂಸನ್ನೂ ಇದರ ತಾಯಿಯನ್ನೂ ನಾವು ಹೋಳಿಗೆ ಊಟದ ಗದ್ದಲದಲ್ಲಿ ಕಳೆದುಕೊಳ್ಳುವವರಿದ್ದೆವು.

ಅವತ್ತು ನನ್ನ ಸೊಸೆ ಶಿಲ್ಪಾಳ ಕುಬಸ, ಸೀಮಂತ ಅನ್ನುತ್ತಾರಲ್ಲ, ಅದು. ಒಂಬತ್ತನೆಯ ತಿಂಗಳು ಬಿದ್ದಿತ್ತು. ಬೀಗರು ಕೊಣ್ಣೂರಿನಿಂದ ಗಾಡಿ ತುಂಬ ಜನ, ಬುಟ್ಟಿ ತುಂಬ ಕರ್ಚಿಕಾಯಿ ತಂದಿದ್ದರು. ಶಿಲ್ಪಾಳಿಗೆ ಹಸಿರು ಸೀರೆ, ಹಸಿರು ಬಳೆ, ತಲೆಗೆ ಮಲ್ಲಿಗೆಯ ದಂಡೆ. ಕುರ್ಚಿಯ ಹಿಂದೆ ಬಲೂನು, ಮುಂದೆ ಫೋಟೋದವನು. ಅರಿಷಿಣ ಹಚ್ಚಿ ಉಡಿ ತುಂಬಲು ಹೆಂಗಸರ ಸಾಲು.

ಕುರ್ಚಿಯಲ್ಲಿ ಕೂತ ಹುಡುಗಿ ಗಡಗಡ ನಡುಗತೊಡಗಿದಳು. ಹೊರಗೆ ರಣಬಿಸಿಲು. ಇವಳ ಹಲ್ಲು ಕಟಕಟ ಅನ್ನುತ್ತಿದ್ದವು.

"ನೆದರ ಆಗೇತಿ," ಅಂದಳು ನನ್ನ ನೆಗೆಣ್ಣಿ, ಅಬ್ಬಿಗೇರಿಯ ಪಾರವ್ವ. "ಮೊದ್ಲ ಕೆಂಪನ ಹುಡುಗಿ, ಮ್ಯಾಲೆ ಇಷ್ಟ ಮಂದಿ ಕಣ್ಣು. ಉಪ್ಪು, ಮೆಣಸಿನಕಾಯಿ ತರ್ರಿ."

ತಂದರು. ಮುಖಕ್ಕೆ ನಿವಾಳಿಸಿ ಇಳಿ ತೆಗೆದು ಒಲೆಗೆ ಹಾಕಿದರು. ಮೆಣಸಿನಕಾಯಿ ಸುಟ್ಟರೂ ಘಾಟು ಬರಲಿಲ್ಲ.

"ನೋಡಿದ್ರೇನ? ಎಂಥಾ ನೆದರ ಇತ್ತು ಅಂತೇನಿ."

ಎಲ್ಲರಿಗೂ ಸಮಾಧಾನವಾಯಿತು. ಫೋಟೋದವನು "ಅಕ್ಕಾರ, ಸ್ವಲ್ಪ ನಗ್ರಿ" ಅಂದ. ಶಿಲ್ಪಾ ನಡುಗುತ್ತಲೇ ನಕ್ಕಳು. (ಆ ಫೋಟೋ ನಮ್ಮ ಮನೆಯಲ್ಲಿದೆ. ನೋಡಲು ನನಗೆ ಇನ್ನೂ ಧೈರ್ಯವಿಲ್ಲ.)

ನನ್ನ ಸರದಿ ಬಂತು. ಕೆನ್ನೆಗೆ ಅರಿಷಿಣ ಹಚ್ಚಿದೆ. ರೊಟ್ಟಿ ಹಂಚು ಮುಟ್ಟಿದ ಹಾಗಾಯಿತು. ಉಸಿರು ನೋಡಿದರೆ ಓಡಿ ಬಂದವರ ಉಸಿರು.

"ಏನಾಗಾಕತ್ತೈತಿ ಶಿಲ್ಪಾ?"

"ಏನಿಲ್ರಿ ಅತ್ತಿ. ಬೆನ್ನ ಭಾಳ ನೋಯ್ತೈತಿ. ಮುಂಜಾನಿಂದ ಕೂಸು ಹೊರಳೇ ಇಲ್ಲ."

ರಟ್ಟೆ ಹಿಡಿದು ಎಬ್ಬಿಸಿದೆ. ಪಾರವ್ವ ಅಡ್ಡ ನಿಂತಳು. "ಉಡಿ ತುಂಬೂದು ಮುಗದಿಲ್ಲ, ಆರತಿ ಆಗಿಲ್ಲ. ನಡುವ ಎಬ್ಬಸ್ತಾರೇನಕ್ಕಾ? ಬಸರಿಗೆ ಚಲೋ ಅಲ್ಲ."

"ಆರತಿ ತಾಟು ಹಿಡಕೊಂಡು ನೀ ಕುಂದ್ರು. ನಾವು ದವಾಖಾನಿಗೆ ಹೋಗಿ ಬರ್ತೀವಿ."

ಬೀಗತಿ ಗಂಗವ್ವನ ಮುಖ ನೋಡಿದೆ. ಹೆಣ್ಣಿನ ತಾಯಿ, ಹತ್ತು ಜನರ ಮುಂದೆ ಏನನ್ನುತ್ತಾಳೋ ಎಂಬ ಅಂಜಿಕೆ ನನಗೂ ಇತ್ತು. ಆಕೆ ಮಗಳ ತಲೆಯ ದಂಡೆ ಬಿಚ್ಚಿ ಪಾರವ್ವನ ಕೈಗಿಟ್ಟು ಗಾಡಿ ಹತ್ತಿದಳು. ಬೀಗತಿ ಅಂದರೆ ಇಂಥವಳಿರಬೇಕು.

ದವಾಖಾನೆಯಲ್ಲಿ ಡಾಕ್ಟರ್ ಬಾಯಾರು ಹೊಟ್ಟೆ ನೋಡಿದರು, ನಾಡಿ ನೋಡಿದರು. ಆಮೇಲೆ ಕೇಳಿದರು, "ಉಚ್ಚಿಗೆ ಹೋದಾಗ ಉರಿತೈತೇನವಾ?"

ಶಿಲ್ಪಾ ಸೆರಗಿನ ತುದಿ ಸುತ್ತತೊಡಗಿದಳು. "ಹೌದ್ರಿ. ಭಾಳ ದಿನಾತ್ರಿ."

"ನಮ್ಮ ಮುಂದ ಹೇಳಬಾರದೇನ?" ಅಂದೆ.

"ಹ್ಯಾಂಗ ಹೇಳ್ಲಿ ಅತ್ತಿ? ಹಿತ್ತಲಕ್ಕ ಹೋಗಬೇಕಂದ್ರ ಪಡಸಾಲ್ಯಾಗ ಮಾವನಾರು ಕುಂತಿರ್ತಾರ, ಬಂದ ಬೀಗರು ಕುಂತಿರ್ತಾರ. ಘಳಿಗಿಗೊಮ್ಮಿ ಎದ್ದು ಹೋದ್ರ ಏನಂದಾರು? ಅದಕ್ಕ ನೀರು ಕುಡಿಯೂದು ಬಿಟ್ಟೆ."

ಮೂತ್ರದ ಸೋಂಕು ಮೂತ್ರಪಿಂಡಕ್ಕೆ ಏರಿತ್ತಂತೆ, ಅಲ್ಲಿಂದ ಮೈಯೆಲ್ಲ ಹಬ್ಬಿತ್ತಂತೆ. ಸೆಪ್ಸಿಸ್ ಅಂದರು. ನಾನು ಎರಡನೆಯ ಸಲ ಹೇಳಿಸಿಕೊಂಡೆ. ಬಿ.ಪಿ. ಬೀಳುತ್ತಿದೆ, ತಾಯಿಗೂ ಅಪಾಯ, ಕೂಸಿಗೂ ಅಪಾಯ. ಅಲ್ಲೇ ಸಲಾಯಿನ್ ಏರಿಸಿ, ಇಂಜೆಕ್ಷನ್ ಕೊಟ್ಟು, ಆ್ಯಂಬುಲೆನ್ಸಿನಲ್ಲಿ ಗದಗಿಗೆ ಕಳಿಸಿದರು.

ಅಲ್ಲಿ ಅವಳು ಐಸಿಯುನಲ್ಲಿದ್ದಾಗಲೇ ಹೆರಿಗೆ ನೋವು ಬಂತು, ದಿನ ತುಂಬುವ ಮೊದಲೇ. ತಾಯಿ ಒಂದು ಕಡೆ, ಮೊಳದುದ್ದವೂ ಇಲ್ಲದ ಕೂಸು ಇನ್ನೊಂದು ಕಡೆ ಗಾಜಿನ ಪೆಟ್ಟಿಗೆಯಲ್ಲಿ. ಕೂಸಿಗೂ ಸೋಂಕು ತಗಲಿರಬಹುದೆಂದು ಆ ಎಳೆಯ ಕೈಗೂ ಸೂಜಿ. ನಾವಿಬ್ಬರು ಬೀಗತಿಯರು ನಡುವಿನ ಬೆಂಚಿನ ಮೇಲೆ.

"ನನ್ನ ಮಗಳು ನಿಮಗ ಅಂಜತಾಳೇನ್ರಿ?" ಅಂತ ಕೇಳಿಯೇಬಿಟ್ಟಳು ಗಂಗವ್ವ.

"ನನಗ್ಯಾಕ ಅಂಜತಾಳ್ರಿ? ಹಡದ ತಾಯಿ ನಿಮ್ಮ ಮುಂದೂ ಹೇಳಿದ್ದಿಲ್ಲಲ್ಲ."

ಒಳಗಿನಿಂದ ನರ್ಸ್ ಬಂದು "ನಿಮ್ಮ ಹುಡುಗಿ ನೀರು ಕೇಳಾಕತ್ತಾಳ" ಅಂದಾಗ, ಗಂಗವ್ವ ನನ್ನ ಹೆಗಲಿಗೆ ತಲೆ ಇಟ್ಟು ಅತ್ತಳು. ನಾನೂ ಅತ್ತೆ. ಈಗ ತಾಯಿ ಗಟ್ಟಿ, ಮಗಳು ಮೂಗುತಿ ಜಗ್ಗುವಷ್ಟು ಗಟ್ಟಿ.

ನನಗೆ ತಿಳಿದದ್ದು ಇಷ್ಟು. ಬಸುರಿಗೆ ಏನು ತಿನ್ನಬೇಕು ಅನಿಸುತ್ತದೆ ಅಂತ ಓಣಿಯೆಲ್ಲ ಕೇಳುತ್ತದೆ. ಹುಳಿ ಬೇಕೇನು, ಖಾರ ಬೇಕೇನು, ಹೊಟ್ಟೆ ಚೂಪಾಗಿದೆಯೋ ಗುಂಡಗಿದೆಯೋ. ಉರಿ, ಚಳಿಜ್ವರ, ದುರ್ವಾಸನೆಯ ಬಿಳಿಸೆರಗು, ಇವನ್ನು ಒಬ್ಬರೂ ಕೇಳುವುದಿಲ್ಲ. ಕೇಳುವುದು ಅಸಹ್ಯವಂತೆ. ನಡುಕ ಬಂದರೆ ಮೆಣಸಿನಕಾಯಿ ಸುಡುವುದು ಅಸಹ್ಯವಲ್ಲವಂತೆ. ಇಳಿ ತೆಗೆಯುವವರು ತೆಗೆಯಲಿ, ನನ್ನದೇನೂ ತಕರಾರಿಲ್ಲ. ಆದರೆ ಗಾಡಿ ಸ್ಟಾರ್ಟ್ ಮಾಡಿಟ್ಟು ತೆಗೆಯಲಿ.

ಹೋದ ವಾರ ಮುಶಿಗೇರಿಯಲ್ಲಿ ಇನ್ನೊಂದು ಕುಬಸ. ಉಡಿ ತುಂಬುತ್ತ ಆ ಹುಡುಗಿಯನ್ನು ಕೇಳಿದೆ, "ಉಚ್ಚಿ ಉರಿತೈತೇನ ತಂಗಿ? ನೀರು ಕುಡೀತೀ ಇಲ್ಲೋ?" ಹಾಡು ಹೇಳುತ್ತಿದ್ದವರು ನಿಲ್ಲಿಸಿದರು. ಹುಡುಗಿಯ ಅತ್ತೆ ಕೆಂಡವಾದಳು. "ಶುಭ ಕಾರ್ಯದಾಗ ಇದೇನ ಮಾತ್ರಿ ಯಕ್ಕಾರ? ಇಂಥಾವು ಕೇಳಾಕ ಹೊತ್ತು ಗೊತ್ತು ಇಲ್ಲೇನ್ರಿ?"

ಇದ್ದರೆ ನೀವೇ ಹೇಳಿರಿ, ಅದು ಯಾವ ಹೊತ್ತು?