ಬೀಜಕ್ಕೆ ಬಿಟ್ಟ ಹೀರೇಕಾಯಿ

ನಮ್ಮ ಯಜಮಾನರು ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ಮೇಲೆ ಅವರ ಕೈಗೆ ಟಿಕೆಟ್ ಮೆಷಿನ್ ಬದಲು ಮೊಬೈಲ್ ಬಂತು, ನನ್ನ ಬೆಳಗಿನ ನೆಮ್ಮದಿ ಹೋಯಿತು. ಹೊಸದುರ್ಗದ ನಮ್ಮ ಮನೆಯ ಹಿಂದೆ ಒಂದಿಷ್ಟು ಹಿತ್ತಲು ಇದೆ. ಬದನೆ, ಬೆಂಡೆ, ಚವಳಿ, ಟೊಮೆಟೊ, ಒಂದೆರಡು ಮಡಿ ಸೊಪ್ಪು, ಬೇಲಿಯ ಮೇಲೆ ಹೀರೆ ಬಳ್ಳಿ. ಬೆಳೆಯುವವರು ನಮ್ಮತ್ತೆ, ಅಡುಗೆ ಮಾಡುವವಳು ನಾನು, ಫೋಟೊ ತೆಗೆಯುವವರು ಇವರು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಹಾಗೇ ಆಗಿಹೋಯಿತು.

ಅತ್ತೆ ಕಿತ್ತ ತರಕಾರಿ ನೇರವಾಗಿ ಅಡುಗೆಮನೆಗೆ ಬರುವಂತಿರಲಿಲ್ಲ. ಮೊದಲು ಜಗಲಿಯ ಮೇಲೆ, ಮೊರದಲ್ಲಿ, ಎಳೆಬಿಸಿಲಿಗೆ ಕೂರಬೇಕು. ಇವರು ಮಂಡಿಯೂರಿ ಒಂದೊಂದನ್ನೇ ಜೋಡಿಸುತ್ತಾ, "ಮುಂದಕ್ಕೆ ಹೋಗ್ರಿ, ಒಳಗೆ ಜಾಗ ಐತೆ" ಅಂತ ಬದನೆಕಾಯಿಗಳಿಗೆ ಹೇಳುತ್ತಿದ್ದರು. ಟೊಮೆಟೊ ಉರುಳಿದರೆ "ಕಂಬಿ ಹಿಡ್ಕಳಮ್ಮ" ಅನ್ನುತ್ತಿದ್ದರು. ಮೇಲೆ ನೀರು ಚಿಮುಕಿಸಿದರೆ ಈಗಷ್ಟೇ ಕಿತ್ತ ಹಾಗೆ ಕಾಣುತ್ತದಂತೆ. ಈಗಷ್ಟೇ ಕಿತ್ತಿದ್ದಲ್ಲವೇನ್ರಿ ಅಂದರೆ, ಅದು ನಮಗೆ ಗೊತ್ತು, ನೋಡೋರಿಗೂ ಗೊತ್ತಾಗಬೇಕಲ್ಲ ಅನ್ನುವರು. ಒಲೆ ಮೇಲೆ ಬೇಳೆ ಬೆಂದು ಕೂತಿರುತ್ತಿತ್ತು. ಸಾರಿಗೆ ಹಾಕೋಣವೆಂದರೆ ತರಕಾರಿ ಇನ್ನೂ ಜಗಲಿಯಲ್ಲೇ. ಫೋಟೊ ಸ್ಟೇಟಸ್‌ಗೆ ಹೋಗಿ, ಯಾರಾದರೂ ಒಬ್ಬರು ಹೆಬ್ಬೆರಳು ಎತ್ತಿದ ಮೇಲೆಯೇ ಅದು ನನ್ನ ಕೈಗೆ ಸಿಗುತ್ತಿದ್ದದ್ದು.

ಬೇಲಿಯ ಆ ಹೀರೆಯ ವಿಷಯ ಹೇಳಬೇಕು. ಅದು ಸಂತೆಯಲ್ಲಿ ಸಿಗುವ ಉದ್ದ ಹೀರೆಯಲ್ಲ. ಗಿಡ್ಡ, ದಪ್ಪ, ಬೆಣ್ಣೆಯಂಥ ತಿರುಳು. ತಿರುಳು ಪಲ್ಯಕ್ಕಾದರೆ ಸಿಪ್ಪೆ ಚಟ್ನಿಗೆ. ಆ ಚಟ್ನಿ ಇದ್ದ ದಿನ ನಮ್ಮ ಮನೆಯಲ್ಲಿ ಮುದ್ದೆ ಸಾಲುವುದಿಲ್ಲ. ಅತ್ತೆ ಮದುವೆಯಾಗಿ ಬರುವಾಗ ಬಿ.ದುರ್ಗದ ತವರಿನಲ್ಲಿ ಅವರ ಅವ್ವ ಕೊಟ್ಟ ಬೀಜ ಅದು. ವರ್ಷವೂ ಬಿತ್ತಿ, ವರ್ಷವೂ ಎತ್ತಿಟ್ಟುಕೊಂಡು ಬಂದಿದ್ದಾರೆ. ತವರಿನಲ್ಲೇ ಈಗ ಅದು ಉಳಿದಿಲ್ಲ, ಅಲ್ಲಿಗೂ ಅಂಗಡಿಯ ಪ್ಯಾಕೆಟ್ ಬೀಜ ಬಂದಿದೆ. ಹೋದ ವರ್ಷ ಬೂದಿ ಬೆರೆಸಿ ಇಟ್ಟಿದ್ದ ಬೀಜಕ್ಕೆ ಹುಳು ಬಿದ್ದು, ಈ ಸಲ ಹುಟ್ಟಿದ್ದು ಒಂದೇ ಬಳ್ಳಿ. ಅದೂ ಹಳತಾಗಿ ಹೂವು ಬಿಡುವುದು ನಿಂತಿತ್ತು. ಉಳಿದಿದ್ದ ಒಂದೇ ಒಂದು ಕಾಯಿಯನ್ನು ಅತ್ತೆ ಬೀಜಕ್ಕೆ ಬಿಟ್ಟು, ಅದರ ತೊಟ್ಟಿಗೆ ತಮ್ಮ ಹಳೇ ಸೀರೆಯ ಕೆಂಪಂಚಿನ ಚಿಂದಿ ಕಟ್ಟಿದ್ದರು. ಹಾಗೆ ಬಟ್ಟೆ ಕಟ್ಟಿದ ಕಾಯಿಯನ್ನು ನಮ್ಮ ಕಡೆ ಯಾರೂ ಮುಟ್ಟುವುದಿಲ್ಲ. ಅದು ಬಳ್ಳಿಯಲ್ಲೇ ಬಲಿತು, ಒಣಗಿ, ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಹಸಿ ಇರುವಾಗಲೇ ಕಿತ್ತರೆ ಬೀಜ ಜೊಳ್ಳು.

ಅವತ್ತು ಮೊರದಲ್ಲಿ ನಾಲ್ಕು ಬೆಂಡೆಕಾಯಿ, ಒಂದು ಹಿಡಿ ಮೆಂತ್ಯ ಸೊಪ್ಪು ಬಿಟ್ಟರೆ ಏನೂ ಇರಲಿಲ್ಲ. ಅತ್ತೆ ಸ್ನಾನಕ್ಕೆ ಹೋಗಿದ್ದರು, ನಾನು ಮಿಕ್ಸಿ ಹಾಕಿದ್ದೆ. ಫೋಟೊಗೆ ನಡುವೆ ಏನೋ ಒಂದು ಬೇಕು ಅಂತ ಇವರಿಗೆ ಅನ್ನಿಸಿದೆ. ಅತ್ತೆ ವಿಭೂತಿ ಧರಿಸಿ ಬಂದು ಜಗಲಿಯಲ್ಲಿ ಕೂತಾಗ, ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಮೊಬೈಲ್ ಹಿಡಿದರು.

"ನೋಡವ್ವ, ಇವತ್ತಿಂದು ಎಲ್ಲಾಕಿಂತ ಚೆನ್ನಾಗಿ ಬಂದೈತೆ."

ಅತ್ತೆಗೆ ಮೊದಲು ಕಂಡಿದ್ದು ಕಾಯಲ್ಲ, ಮೆಂತ್ಯ ಸೊಪ್ಪಿನ ಕಟ್ಟಿಗೆ ಸುತ್ತಿದ್ದ ಕೆಂಪಂಚಿನ ಬಟ್ಟೆ.

"ಲೇ, ಇದೆಲ್ಲಿಂದ ತಂದೆ?"

"ಹೀರೆ ಬಳ್ಳಿಗಿತ್ತಲ್ಲ. ದೃಷ್ಟಿಗೆ ಕಟ್ಟಿದ್ದೀಯ ಅಂದ್ಕಂಡೆ. ಕಾಯಿ ಕಿತ್ತ ಮೇಲೆ ಇನ್ಯಾವ ದೃಷ್ಟಿ ಅಂತ ಬಿಚ್ಚಿ ಸೊಪ್ಪಿಗೆ ಕಟ್ದೆ."

ಪಾಪ, ದೃಷ್ಟಿಗೂ ನಮ್ಮ ಕಡೆ ಬಟ್ಟೆ ಕಟ್ಟುತ್ತಾರೆ. ಆಯುಷ್ಯವೆಲ್ಲ ಬಸ್ಸಿನಲ್ಲಿ ಕಳೆದವರಿಗೆ ಯಾವ ಬಟ್ಟೆ ಯಾವುದಕ್ಕೆ ಅಂತ ಹೇಗೆ ಗೊತ್ತಾಗಬೇಕು. ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಮ್ಮವ್ವನ ಕಾಯಿ ನನ್ನ ಕಾಲಕ್ಕೇ ಮುಗೀತು" ಅಂದವರೇ ಎದ್ದು ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಅವರ ಅವ್ವನ ಒಂದು ಫೋಟೊ ಕೂಡ ಇಲ್ಲ, ಒಂದು ಒಡವೆಯೂ ಅತ್ತೆಗೆ ಬರಲಿಲ್ಲ. ಮಳೆಗಾಲಕ್ಕೊಮ್ಮೆ ಬೇಲಿ ಹತ್ತುವ ಈ ಬಳ್ಳಿಯಷ್ಟೇ ಇದ್ದದ್ದು.

ಇವರು ಸುಮ್ಮನೆ ಕೂರುವ ಪೈಕಿಯಲ್ಲ. ಕಾಯಿಯನ್ನು ಅದೇ ಬಟ್ಟೆಯಿಂದ ಮತ್ತೆ ಬಳ್ಳಿಗೆ ಬಿಗಿದು ಬಂದರು. ಅತ್ತೆ ಕೂತಲ್ಲಿಂದಲೇ, "ಇಳಿದು ಹೋದೋರ್ನ ಕರ್ದು ಬಸ್ಸು ಹತ್ತಿಸ್ಕಂಡಂಗಲ್ಲ ಕಣಲೇ ಇದು" ಅಂದರು. ನಗು ತಡೆಯಲಾಗದೆ ನಾನು ಒಳಗೆ ಓಡಿದೆ. ಆಮೇಲೆ ಇವರು ಅದೇ ಫೋಟೊವನ್ನು ನೆಂಟರ ಗ್ರೂಪಿಗೆ ಹಾಕಿ, "ಗೊತ್ತಿಲ್ದೆ ಬೀಜದ ಕಾಯಿ ಕಿತ್ಬಿಟ್ಟೆ, ಈ ಹೀರೆ ಬೀಜ ಯಾರ ಮನೇಲಾದ್ರೂ ಐತಾ ತಿಳಿಸ್ರಿ" ಅಂತ ಬರೆದರು. ಕೈ ಮುಗಿದವರು ಬಂದರು, ಗುಲಾಬಿ ಕಳಿಸಿದವರು ಬಂದರು, ಒಬ್ಬರು ಬಜ್ಜಿ ಮಾಡ್ರಿ ಅಂದರು. ಬೀಜ ಇದೆ ಅಂದವರು ಒಬ್ಬರೂ ಇಲ್ಲ. ಅತ್ತೆ ಹಿತ್ತಲಿನ ಕಡೆ ಹೋಗುವುದನ್ನೇ ಬಿಟ್ಟರು, ಇವರು ಫೋಟೊ ತೆಗೆಯುವುದನ್ನು ಬಿಟ್ಟರು. ಅಡುಗೆ ಹೊತ್ತಿಗೆ ಸರಿಯಾಗಿ ಆಗತೊಡಗಿತು, ಮನೆ ಮಾತ್ರ ಬಿಕೋ ಅನ್ನುತ್ತಿತ್ತು.

ಒಂದು ಭಾನುವಾರ ಅತ್ತೆಯ ಅಣ್ಣನ ಮಗಳು ಬಂದಳು. ಅವಳನ್ನು ಸಿರಿಗೆರೆ ಹತ್ತಿರದ ಹಳ್ಳಿಗೆ ಕೊಟ್ಟಿದೆ. ಚಪ್ಪಲಿ ಬಿಡುತ್ತಲೇ ಇವರನ್ನು ನೋಡಿ, "ಏನ್ ಬಾವ, ಟಿಕೆಟ್ ಹರಿದಂಗೆ ಬೀಜದ ಕಾಯಿ ಹರಿದ್ರಂತೆ" ಅಂದಳು. ಕೆಳಗಿಟ್ಟ ಅವಳ ಕೈಚೀಲ ಗಲಗಲ ಅಂತು. ಒಳಗೆ ಒಣಗಿ ಕಂದಾದ ಗಿಡ್ಡ ಹೀರೇಕಾಯಿಗಳು.

"ನಮ್ಮ ಕಣದ ಬೇಲಿ ತುಂಬ ಇವೇ ಅವೆ ಅತ್ತೆ. ಫೋನು ಕೆಟ್ಟಿತ್ತು, ಮೊನ್ನೆ ಫೋಟೊ ನೋಡ್ದೆ. ತಗಂಡೇ ಹೋಗಾಣ ಅಂತ ಬಂದೆ."

"ನಿನಗೆಲ್ಲಿ ಸಿಕ್ತೇ ಈ ಬೀಜ?" ಅತ್ತೆ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು.

"ನನ್ನ ಮದ್ವೆಲಿ ಮಡ್ಲಿಗೆ ಬಿದ್ದಿದ್ದು. ಅಕ್ಕ ಹಾಕಿದ್ರಲ್ಲ" ಅಂತ ನನ್ನ ಕಡೆ ತಿರುಗಿದಳು.

ಆಗ ನೆನಪಾಯಿತು. ಅವಳ ಮಡಿಲು ತುಂಬುವಾಗ ಅಕ್ಕಿ, ಕೊಬ್ಬರಿಯ ಜೊತೆ ಒಂದು ಬೀಜದ ಪೊಟ್ಟಣ ಹಾಕಿದವಳು ನಾನೇ. ನನ್ನ ಕೈಗೆ ಅದನ್ನು ಕೊಟ್ಟವರು ಅತ್ತೆ, ವರ್ಷಗಳಾಗಿ ಅವರಿಗೂ ಮರೆತೇಹೋಗಿತ್ತು. ಮಾವ ತೀರಿಕೊಂಡಿದ್ದರಿಂದ ಅವರು ತಾವಾಗಿಯೇ ಸರಿದು ಕಂಬದ ಮರೆಯಲ್ಲಿ ನಿಂತಿದ್ದರು. ಗಂಡ ಇಲ್ಲದವರು ಇನ್ನೊಬ್ಬರ ಮಡಿಲು ತುಂಬುವಂತಿಲ್ಲ, ಅವರ ಮಡಿಲನ್ನೂ ಯಾರೂ ತುಂಬುವುದಿಲ್ಲ. ಈ ಪದ್ಧತಿ ನೆನೆದರೆ ನನಗೆ ಮೈ ಉರಿಯುತ್ತದೆ. ತಮ್ಮ ತವರಿನ ಬೀಜವನ್ನು ತಮ್ಮ ಕೈಯಿಂದ ಕೊಡಲೂ ಅವರಿಗೆ ಆಗಿರಲಿಲ್ಲ.

ಬೀಜ ಸುರಿಯಲು ಅತ್ತೆ ಮೊರ ತರಹೋದರು. ಅವಳು ಕೈ ಹಿಡಿದು ನಿಲ್ಲಿಸಿದಳು.

"ಮೊರ ಬ್ಯಾಡ. ಸೆರಗು ಹಿಡೀರಿ."

"ನನಗೆಂಥ ಮಡ್ಲೇ, ಹುಚ್ಚಿ."

"ನಾನು ಇಸ್ಕಂಡಿದ್ದು ಮಡ್ಲಲ್ಲಿ. ಮೊರಕ್ಕೆ ಸುರಿಯಕ್ಕೆ ನಾನೇನು ಸಂತೆಗೆ ಬಂದಿಲ್ಲ ಅತ್ತೆ. ಹಿಡೀರಿ."

ಅತ್ತೆ ನನ್ನ ಮುಖ ನೋಡಿದರು. "ಹಿಡೀರಿ ಅತ್ತೆ" ಅಂದೆ. ಬಾಗಿಲಲ್ಲಿ ನಿಂತಿದ್ದ ಮಗನ ಮುಖವನ್ನೂ ನೋಡಿದರು. ಆಮೇಲೆ ನಿಧಾನವಾಗಿ ಸೆರಗು ಮುಂದಕ್ಕೆ ತಂದು ಒಡ್ಡಿದರು. ಅವಳು ಒಂದು ಕಾಯಿಯ ತುದಿ ಮುರಿದು ಅಲ್ಲಾಡಿಸಿದಳು, ಕರಿಬೀಜ ಸೆರಗಿಗೆ ಉದುರಿತು. ನಾನೂ ಒಂದು ಕಾಯಿ ತೆಗೆದುಕೊಂಡು ಮುರಿದೆ. ಚೀಲ ಖಾಲಿಯಾಗುವವರೆಗೂ ಸುರಿದೆವು.

ಎತ್ತಿಡೋಣವೆಂದು ನಾನು ಸ್ಟೀಲಿನ ಡಬ್ಬಿ ತಂದೆ. ಅತ್ತೆ ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಮಡಿಲು ಹಿಡಿದು ನಿಂತಿದ್ದರು.

"ಆಮೇಲೆ ಹಾಕಾಣ ಬಿಡವ್ವ" ಅಂದರು. "ಇನ್ನೊಂದಿಷ್ಟು ಹೊತ್ತು ಹಿಂಗೇ ಇರ್ಲಿ."