ಕಲಾಯಿ ಸಡಿಲ ಬಿಡು

ಕಲಾಯಿ ಎಂದರೆ ನನಗೆ ಗೊತ್ತಿದ್ದದ್ದು ಹಿತ್ತಾಳೆ ಪಾತ್ರೆಗೆ ಹಾಕುವ ಕಲಾಯಿ ಒಂದೇ. ಹಾಗಾಗಿ ಶ್ರೀನಿವಾಸಪುರದಲ್ಲಿ, ನಮ್ಮ ಹೈಸ್ಕೂಲಿನ ಹಿಂದಿನ ಮಾವಿನ ತೋಪಿನಲ್ಲಿ, ನನ್ನ ಕೈಗೆ ಗಾಲ್ಫ್ ಕೋಲು ಕೊಟ್ಟು ಗೆಳತಿ "ಕಲಾಯಿ ಭಾಳ ಗಟ್ಟಿ ಇದೆ ಕಣೇ, ಸಡ್ಲ ಬಿಡು" ಎಂದಾಗ ನಾನು ಕೋಲಿನ ತುದಿಯ ಕಬ್ಬಿಣವನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅದು ಹೊಸ ಚೊಂಬಿನ ಹಾಗೆ ಹೊಳೆಯುತ್ತಿತ್ತು.

"ಚೆನ್ನಾಗೇ ಇದ್ಯಲ್ಲೇ, ಎಲ್ಲೂ ಎದ್ದಿಲ್ಲ" ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ನಗು ತಡೆಯಲಾರದೆ ತರಗೆಲೆಗಳ ಮೇಲೆ ಕೂತುಬಿಟ್ಟಳು. ಅವರ ಮನೆಮಾತು ದಖ್ನಿ. ಆ ಮಾತಿನಲ್ಲಿ ಕಲಾಯಿ ಎಂದರೆ ಮಣಿಕಟ್ಟು.

"ಪಾತ್ರೆಗೆ ಹಾಕೋದು ಖಲಾಯಿ, ಕೈಯಲ್ಲಿರೋದು ಕಲಾಯಿ. ಖ ಬೇರೆ, ಕ ಬೇರೆ. ಕನ್ನಡ ಟೀಚರ್ ಅಂತೆ ಇವಳು!"

ಅಲ್ಪಪ್ರಾಣ, ಮಹಾಪ್ರಾಣ ಎಂದು ಮಕ್ಕಳ ತಲೆ ತಿಂದೇ ಸಂಬಳ ತೆಗೆದುಕೊಂಡವಳು ನಾನು.

ಆಕೆ ನಮ್ಮ ಸ್ಕೂಲಿನ ಪಿ.ಟಿ. ಟೀಚರು. ಇಬ್ಬರ ಮನೆಯೂ ಕೋಲಾರದಲ್ಲಿ, ಬೆಳಿಗ್ಗೆ ಇಬ್ಬರಿಗೂ ಒಂದೇ ಬಸ್ಸು, ಒಂದೇ ಸೀಟು. ಮೊದಮೊದಲು ಮೇಡಂ, ಮೇಡಂ ಎಂದುಕೊಳ್ಳುತ್ತಿದ್ದೆವು. ಆಮೇಲೆ ಮಕ್ಕಳ ಎದುರಿಗೆ ಮಾತ್ರ ಮೇಡಂ, ಬಸ್ಸು ಹತ್ತಿದರೆ ಏನೇ, ಲೇ. ಆಟವೆಂದರೆ ಆಕೆಗೆ ಊಟವೂ ಬೇಡ. ಮಾಲೂರಿನಿಂದ ಟೇಕಲ್ ಕಡೆಗೆ ಹೋಗುವ ದಾರಿಯಲ್ಲಿ ಒಂದು ಗಾಲ್ಫ್ ಮೈದಾನವಿದೆ. ಅಲ್ಲಿ ಹುಲ್ಲು ಕತ್ತರಿಸುವ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ ಆಕೆಯ ತಮ್ಮ, ಯಾರೋ ಬೇಡವೆಂದು ಬಿಟ್ಟುಹೋದ ಕೋಲನ್ನೂ ಒಂದು ಚೀಲ ಹಳೆ ಚೆಂಡುಗಳನ್ನೂ ಅಕ್ಕನಿಗೆ ತಂದುಕೊಟ್ಟಿದ್ದ. ಆಕೆ ಆ ಆಟ ಕಲಿತದ್ದೂ ಅವನ ಜೊತೆ ಹೋಗಿ ಬಂದೇ. ನನಗೆ ಆಟಗಳೆಂದರೆ ಅಷ್ಟಕ್ಕಷ್ಟೆ. ಸ್ಕೂಲು ಬಿಟ್ಟ ಕೂಡಲೇ ಬರುವ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಅದರ ಹಿಂದಿನದರಲ್ಲಿ ಆರಾಮಾಗಿ ಕೂತು ಹೋಗಬಹುದು ಎಂದು ಆಸೆ ತೋರಿಸಿ ಆಕೆ ನನ್ನನ್ನು ತೋಪಿಗೆ ಎಳೆದುಕೊಂಡು ಹೋಗುತ್ತಿದ್ದಳು.

ನನ್ನ ಮೊದಲ ತಪ್ಪು ಅಡುಗೆಮನೆಯಿಂದ ಬಂದದ್ದು. ರಾಗಿಮುದ್ದೆ ತಿರುವುವವರ ಕೈ, ಕೋಲು ಕಂಡ ಕೂಡಲೇ ತಾನಾಗಿ ಬಿಗಿಯುತ್ತದೆ. ಮಣಿಕಟ್ಟು ಅಲ್ಲಾಡಿದರೆ ಹಿಟ್ಟು ಗಂಟಾಗುತ್ತದೆ ಎಂದು ನಮ್ಮಮ್ಮ ಬೆನ್ನಿಗೆ ಗುದ್ದಿ ಕಲಿಸಿದ್ದಳು. ಗಾಲ್ಫ್ ಕೋಲನ್ನೂ ನಾನು ಹಾಗೆಯೇ ಹಿಡಿದೆ. ಬೀಸಿದ್ದೆಲ್ಲ ಭುಜದಿಂದ. ಚೆಂಡು ಪಕ್ಕದ ಮರದ ಬುಡದವರೆಗೆ ಉರುಳಿ, ಸಾಕಾಯಿತೇನೋ ಎನ್ನುವ ಹಾಗೆ ನಿಂತುಬಿಡುತ್ತಿತ್ತು.

"ಏನೇ, ಮುದ್ದೆ ತಿರುವ್ತಾ ಇದ್ದೀಯ?"

"ನೆಲ ಸಮ ಇಲ್ಲ ಕಣೇ ಇಲ್ಲಿ."

"ಹೌದೌದು. ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ."

ಸಿಟ್ಟು ಬಂತು. ನನಗೆ ಮೂಗಿನ ತುದಿಯಲ್ಲೇ ಕೋಪ. ಸಡಿಲ ಬಿಡು ಎಂದಳಲ್ಲ, ಬಿಟ್ಟು ತೋರಿಸುತ್ತೇನೆ ಎಂದು ದೋಸೆ ಮಗುಚುವ ಹಾಗೆ ಚೆಂಡಿನ ಹತ್ತಿರ ಮಣಿಕಟ್ಟನ್ನು ಚಿಮ್ಮಿಸಿದೆ. ಚೆಂಡು ಇದ್ದಲ್ಲೇ ಇತ್ತು. ಕೆಮ್ಮಣ್ಣು ಮಾತ್ರ ಎದ್ದು ಸೀರೆಗೆ ಬಿತ್ತು. ಆಗ ತೋಪಿನ ಕಾವಲಿನ ಮುದುಕಿ ದೊಣ್ಣೆ ಹಿಡಿದು ಓಡಿ ಬಂದು, "ಏಮಮ್ಮಾ, ಪಾಮಾ? ಎಕ್ಕಡ?" ಎಂದು ತೆಲುಗಿನಲ್ಲಿ ಕೂಗಿದಳು. ಇಬ್ಬರು ಟೀಚರಮ್ಮಂದಿರು ಹುಲ್ಲಿಗೆ ಬಡಿಯುತ್ತಿರುವುದು ಹಾವಿಗೇ ಇರಬೇಕು ಎಂದುಕೊಂಡಿದ್ದಳು. ಹಾವಿಲ್ಲ ಎಂದು ಎಷ್ಟು ಹೇಳಿದರೂ ನಂಬದೆ, ನಾವು ಹೊರಡುವವರೆಗೂ ದೊಣ್ಣೆ ಊರಿಕೊಂಡು ಅಲ್ಲೇ ನಿಂತಿದ್ದಳು.

ಗೆಳತಿ ಹೇಳಿಕೊಟ್ಟದ್ದು ಬಹಳವೇನಲ್ಲ. ಕೋಲು ಹಿಂದಕ್ಕೆ ಹೋಗುವಾಗ ಮಣಿಕಟ್ಟು ಮಡಚಿಕೊಳ್ಳಬೇಕು. ಕೋಲು ಇಳಿಯುವಾಗ ಆ ಮಡಿಕೆ ಹಾಗೆಯೇ ಉಳಿಯಬೇಕು. ಚೆಂಡಿನ ಹತ್ತಿರ ಬಂದಾಗ ಅದು ಬಿಚ್ಚಿಕೊಳ್ಳುತ್ತದೆ. ಎಡಗೈಯ ಹಿಂಬದಿ ಆಗ ಚೆಂಡು ಹೋಗಬೇಕಾದ ಕಡೆಗೆ ಸಪಾಟಾಗಿ ನೋಡುತ್ತಿರಬೇಕು.

"ಚೆಂಡು ಎತ್ತೋದು ನಿನ್ ಕೆಲ್ಸ ಅಲ್ಲ. ಕಬ್ಬಿಣ ವಾರೆ ಇದ್ಯಲ್ಲ, ಅದು ಎತ್ತತ್ತೆ. ಕಲಾಯಿನ ನೀನಾಗಿ ಬಿಚ್ಬೇಡ, ಅದೇ ಬಿಚ್ಕೊಳ್ಳತ್ತೆ."

"ಎಲ್ಲಾ ಅದೇ ಮಾಡಿದ್ರೆ ನಾನೇನ್ ಮಾಡ್ಲಿ?"

"ಅಡ್ಡ ಬರ್ಬೇಡ."

ಇಷ್ಟು ಹೇಳಿ ಆಕೆ ನನ್ನ ಬೆನ್ನ ಹಿಂದೆ ನಿಂತು, ಎರಡೂ ಮಣಿಕಟ್ಟುಗಳನ್ನು ಎರಡೆರಡು ಬೆರಳಿನಲ್ಲಿ ಹಿಡಿದು, ಕೋಲನ್ನು ಮೇಲಕ್ಕೊಯ್ದು ಇಳಿಸುತ್ತಿದ್ದಳು. ಹಿಡಿದಳು ಎನ್ನುವುದಕ್ಕಿಂತ ಮುಟ್ಟಿದಳು ಎನ್ನಬೇಕು. ಆಕೆಯ ಬೆರಳು ಇರುವಷ್ಟು ಹೊತ್ತು ನನ್ನ ಕೈ ಮಾತು ಕೇಳುತ್ತಿತ್ತು, ತೆಗೆದ ಕೂಡಲೇ ಮತ್ತೆ ಮುದ್ದೆ. ಆಕೆ ತಾನು ಹೊಡೆಯುವಾಗ ಚೆಂಡು ಎಲ್ಲಿ ಬಿತ್ತೆಂದು ತಲೆ ಎತ್ತಿ ನೋಡುತ್ತಲೂ ಇರಲಿಲ್ಲ. ಬರೀ ಸದ್ದು ಕೇಳಿಸಿಕೊಳ್ಳುತ್ತಿದ್ದಳು. ಒಣಗಿದ ಹುಣಸೆಕಾಯಿ ಸಿಪ್ಪೆ ಮುರಿದರೆ ಬರುತ್ತದಲ್ಲ, ಆ ಸದ್ದು. ಅದು ಬಂದರೆ ಸರಿ, ಇಲ್ಲದಿದ್ದರೆ ಕಲಾಯಿ ಗಟ್ಟಿ.

ನಾನು ರಿಟೈರ್ ಆಗುವ ಮೊದಲೇ ಆಕೆ ಕೆಲಸ ಬಿಟ್ಟು ಹೊರಟುಹೋದಳು. ಆಕೆಯ ಗಂಡನಿಗೆ ಕೋಲಾರದಲ್ಲಿ ಬಟ್ಟೆ ಅಂಗಡಿಯಿತ್ತು. ಒಂದು ಬೆಳಿಗ್ಗೆ ಅಂಗಡಿಯ ಬಾಗಿಲೆತ್ತುವಾಗಲೇ ಅವರಿಗೆ ಲಕ್ವ ಹೊಡೆದು ಒಂದು ಕಡೆ ಬಿದ್ದುಹೋಯಿತು. ಮಗಳು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಅಪ್ಪನನ್ನು ನೋಡಿಕೊಳ್ಳಲು ಅನುಕೂಲವೆಂದು ಇಬ್ಬರನ್ನೂ ಅಲ್ಲಿಗೆ ಕರೆಸಿಕೊಂಡಳು. ಹೊರಡುವ ಹಿಂದಿನ ದಿನ ಗೆಳತಿ ಕೋಲನ್ನೂ ಚೆಂಡುಗಳನ್ನೂ ನಮ್ಮ ಮನೆಗೆ ತಂದು ಬಾಗಿಲ ಹಿಂದೆ ನಿಲ್ಲಿಸಿದಳು. "ಅಲ್ಲಿ ಮೂರನೇ ಮಹಡಿ ಕಣೇ. ಎಲ್ಲಿ ಬೀಸ್ಲಿ?" ಎಂದಳು. ಇಬ್ಬರೂ ಕಾಫಿ ಕುಡಿದೆವು. ಅಳಬಾರದೆಂದು ಬೇಳೆಯ ರೇಟಿನ ವಿಷಯ ಮಾತಾಡಿದೆವು.

ಆಮೇಲೆ ಬಸ್ಸಿನ ಪ್ರಯಾಣ ನನಗೆ ಶಿಕ್ಷೆಯಾಯಿತು. ಪಕ್ಕದಲ್ಲಿ ಯಾರಾದರೂ ಕೂತರೆ ಸಿಟ್ಟು ಬರುತ್ತಿತ್ತು, ಯಾರೂ ಕೂರದಿದ್ದರೆ ಅಳು ಬರುತ್ತಿತ್ತು. ಅಷ್ಟು ವರ್ಷ ಕೋಲಾರದಿಂದ ಶ್ರೀನಿವಾಸಪುರದವರೆಗೆ ಮುಗಿಯದಿದ್ದ ಮಾತು ಫೋನಿನಲ್ಲಿ ಎಲ್ಲಿ ಬತ್ತಿಹೋಯಿತೋ ತಿಳಿಯದು. ಊಟ ಆಯ್ತಾ, ಅವರು ಹೆಂಗಿದ್ದಾರೆ, ಬಿಸಿಲು ಜಾಸ್ತಿನಾ. ಅಷ್ಟಕ್ಕೆ ಫೋನ್ ಇಡುತ್ತಿದ್ದೆವು. ದಿನವಿಡೀ ಒಂದು ಕೋಣೆಯಲ್ಲಿ, ಮಾತು ನಿಂತುಹೋದ ಮನುಷ್ಯನ ಪಕ್ಕ ಕೂತವಳಿಗೆ ಹೇಳಲು ಏನಿರುತ್ತದೆ? ನನಗೋ, ನೀನಿಲ್ಲದೆ ಬೇಜಾರು ಕಣೇ ಎಂದು ಹೇಳಲು ಬಿಂಕ.

ಒಂದು ಸಂಜೆ, ಆಕೆಯ ನೆನಪಿಗೆಂದು ಕೋಲನ್ನು ಸ್ಕೂಲಿಗೆ ಒಯ್ದು, ತೋಪಿನಲ್ಲಿ ಒಬ್ಬಳೇ ಹೊಡೆಯುತ್ತಿದ್ದಾಗ ಆಕೆಯ ಫೋನ್ ಬಂತು. ಸ್ಪೀಕರ್ ಹಾಕಿ ಹುಲ್ಲಿನ ಮೇಲಿಟ್ಟು, ಮಾತಾಡುತ್ತಲೇ ಬೀಸಿದೆ.

"ಏನೇ ಅದು? ಇನ್ನೊಂದ್ಸಲ ಹೊಡಿ."

ಹೊಡೆದೆ.

"ಥೂ! ಗಟ್ಟಿ. ಹೆಬ್ಬೆರಳಲ್ಲಿ ಅವುಚ್ಕೊಂಡಿದ್ದೀಯ. ಬಿಡು ಅದನ್ನ!"

ಎಷ್ಟು ದಿನದ ಮೇಲೆ ಆಕೆ ನನ್ನನ್ನು ಬೈದದ್ದು! ನನ್ನ ಹೆಬ್ಬೆರಳು ನಿಜಕ್ಕೂ ಕೋಲನ್ನು ಅವುಚಿಕೊಂಡಿತ್ತು. ಅಂದಿನಿಂದ ಅದೇ ನಮ್ಮ ಮಾತುಕತೆಯಾಯಿತು. ನಾನು ಹೊಡೆಯುವುದು, ಆಕೆ ಕೇಳಿ ಬೈಯುವುದು. ಬೈಗುಳದ ನಡುವೆ ಗಂಡನ ಔಷಧಿ, ಮಗಳ ಡ್ಯೂಟಿ, ಅಲ್ಲಿಯವರು ಮುಳಗಾಯಿ ಎನ್ನುವ ಬದನೆಕಾಯಿಯ ಪಲ್ಯ ಎಲ್ಲವೂ ಬಂದು ಹೋಗುತ್ತಿದ್ದವು.

ರಿಟೈರ್ ಆದಮೇಲೆ ಶ್ರೀನಿವಾಸಪುರದ ತೋಪು ದೂರವಾಯಿತು. ಆಕೆಯ ತಮ್ಮನ ಮಾತಿನ ಮೇಲೆ ಮಾಲೂರಿನ ಆಚೆಯ ಆ ಮೈದಾನಕ್ಕೆ ಭಾನುವಾರದ ಬೆಳಿಗ್ಗೆ ಹೋಗತೊಡಗಿದೆ. ಅಲ್ಲಿ ಒಂದು ಬುಟ್ಟಿ ಚೆಂಡು ಕೊಡುತ್ತಾರೆ, ಹಾಸಿದ ಚಾಪೆಗಳ ಮೇಲೆ ಸಾಲಾಗಿ ನಿಂತು ಹೊಡೆಯಬಹುದು. ಬಂದವರೆಲ್ಲ ಬಿಳಿ ಟೋಪಿ, ಬಿಳಿ ಬೂಟು. ನಾನು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ ಹೆಂಗಸು. ನೋಡಿದರೆ ನೋಡಲಿ ಎಂದು ಹೊಡೆದೆ. ಒಂದು ಭಾನುವಾರ, ಆಕೆಯ ಬೆರಳು ನನ್ನ ಮಣಿಕಟ್ಟಿನ ಮೇಲಿದ್ದ ರೀತಿಯನ್ನೇ ನೆನೆಯುತ್ತ ಬೀಸಿದಾಗ, ನಾನು ಏನೂ ಮಾಡದೆ ಕಲಾಯಿ ತಾನಾಗಿ ಬಿಚ್ಚಿಕೊಂಡಿತು. ಚೆಂಡು ತಗಲಿದ್ದೇ ಕೈಗೆ ತಿಳಿಯಲಿಲ್ಲ. ಹುಣಸೆಕಾಯಿ ಮುರಿದ ಸದ್ದು ಬಂತು. ಚೆಂಡು ಎದ್ದು, ದೂರದ ನೀಲಗಿರಿ ಮರಗಳ ಕಡೆಗೆ ಹೋಗುತ್ತಲೇ ಇತ್ತು.

ಕುಣಿಯುವುದೊಂದು ಬಾಕಿ. ಆಕೆಗೆ ಫೋನ್ ಮಾಡಿ, ಅಂಥದ್ದೇ ಇನ್ನೊಂದು ಹೊಡೆದು ಕೇಳಿಸಿದೆ.

"ಗಟ್ಟಿ ಇದೆ" ಎಂದಳು.

ಮತ್ತೊಂದು ಹೊಡೆದೆ. ಅದೂ ಗಟ್ಟಿ. ಮುಂದಿನ ಭಾನುವಾರವೂ ಗಟ್ಟಿ, ಅದರ ಮುಂದಿನದೂ ಗಟ್ಟಿ. ನನ್ನ ಕಿವಿಯೇ ಮೋಸ ಮಾಡುತ್ತಿದೆಯೇನೋ ಎಂಬ ಅನುಮಾನ ಹುಟ್ಟಿತು. ಜಗಳವಾಡಿದೆ, ನಿನ್ನ ಫೋನು ಡಬ್ಬಾ ಎಂದೆ. ಆಕೆ ಮಾತ್ರ ಜಗ್ಗಲಿಲ್ಲ. ಪ್ರತಿ ಸಲ ಹೊಸದೊಂದು ತಪ್ಪು ಹೇಳುತ್ತಿದ್ದಳು, ಮೊಣಕೈ ಎಂದು, ಉಸಿರು ಎಂದು. ಅವಳಿಗೆ ನನ್ನ ಏಳಿಗೆ ಬೇಡವಾಯಿತೇ ಎಂದು ಮನಸ್ಸು ಕಹಿಯಾಯಿತು.

ಹೋದ ತಿಂಗಳು ಹಾಗೆಯೇ ಫೋನನ್ನು ಚಾಪೆಯ ಪಕ್ಕದಲ್ಲಿಟ್ಟು ಹೊಡೆದೆ. ಹಿಂದೆ ನಿಂತಿದ್ದ ಅಲ್ಲಿಯ ಕೋಚ್ ಗಟ್ಟಿಯಾಗಿ, "ಆಹಾ! ಮಣಿಕಟ್ಟು ಎಷ್ಟ್ ಚೆನ್ನಾಗಿ ಬಿಟ್ರಿ ಅಮ್ಮಾ! ಯಾರು ಹೇಳ್ಕೊಟ್ಟಿದ್ದು?" ಎಂದ. ಅದು ಕಲಬುರಗಿಗೂ ಕೇಳಿಸಿತು.

ಫೋನಿನಲ್ಲಿ ಕುಕ್ಕರ್ ಕೂಗಿದ್ದು ಕೇಳಿಸಿತು, ಆಕೆಯ ಗಂಡ ಕೆಮ್ಮಿದ್ದು ಕೇಳಿಸಿತು. ನಾನು ಫೋನ್ ಎತ್ತಿ ಕಿವಿಗಿಟ್ಟುಕೊಂಡೆ.

"ಈಗ್ಲೂ ಗಟ್ಟಿನಾ?"

"ಇಲ್ವೇ" ಎಂದಳು ಮೆಲ್ಲಗೆ. "ರಂಜಾನ್‌ಗೂ ಮುಂಚಿಂದ ಚೆನ್ನಾಗೇ ಬರ್ತಿದೆ."

"ಮತ್ಯಾಕೇ ಹಂಗಂದೆ ಇಷ್ಟ್ ದಿನ?"

"ಸರಿಹೋಯ್ತು ಅಂದ್ಬಿಟ್ರೆ ಆಮೇಲೆ ನೀನು ಯಾಕ್ ಫೋನ್ ಮಾಡ್ತೀಯ?"

ಕೋಚ್‌ಗೆ ಬೆನ್ನು ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡೆ. ಬುಟ್ಟಿಯಿಂದ ಇನ್ನೊಂದು ಚೆಂಡು ತೆಗೆದಿಟ್ಟೆ.

"ಕೇಳಿಸ್ಕೋ" ಎಂದು, ಸ್ಪೀಕರ್ ಹಾಕಿ ಫೋನನ್ನು ಕೆಳಗಿಟ್ಟು ಹೊಡೆದೆ.

"ಗಟ್ಟಿ ಇದೆ ಕಣೇ" ಎಂದಳು, ಮೂಗೆಳೆದುಕೊಂಡು. "ಇನ್ನೊಂದ್ ಹೊಡಿ."