ಒಲೆಗೆ ಕಾಯಿಸಿದ ಗಿಟಾರ್

ಕೂಲಿ ಲೈನಿನ ಹುಡುಗಿ ಎಲೆಕ್ಟ್ರಾನಿಕ್ಸ್ ಓದಿ ಪಾಸಾಗುವುದು ಈ ಜನ್ಮಕ್ಕೆ ಆಗುವ ಮಾತಲ್ಲ ಎಂದವರು ಹೊಂಗಡಹಳ್ಳದ ನಮ್ಮ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ಅವ್ವ ತಲೆ ತಗ್ಗಿಸಿ ನಿಂತಿದ್ದಳು. ‘ಆಯ್ತದೆ ಬುಡಿ ಸಾಮಿ, ನಮ್ ಹುಡ್ಗಿ ಕಣ್ಮುಚ್ಕೊಂಡು ರೇಡಿಯೋ ಬಿಚ್ತಾಳೆ’ ಎಂದವನು ಅವ್ವನ ತಮ್ಮ ರಾಜಮಾವ. ಬಿಚ್ಚುತ್ತಿದ್ದದ್ದು ನಿಜ. ಮತ್ತೆ ಜೋಡಿಸಲು ನನಗಿನ್ನೂ ಬರುತ್ತಿರಲಿಲ್ಲ.

ಮಾವ ಗಿಟಾರನ್ನು ಒಲೆಗೆ ಕಾಯಿಸುತ್ತಿದ್ದ ಮನುಷ್ಯ. ಅವನಪ್ಪ, ಅಂದರೆ ನನ್ನ ತಾತ, ತಮಟೆಯವನು. ತೊಗಲು ಥಂಡಿ ಹಿಡಿದರೆ ಬೆಂಕಿಗೆ ಒಡ್ಡಿ, ಬೆರಳಲ್ಲಿ ತಟ್ಟಿ ನೋಡುತ್ತಾ ದನಿ ಏರುವವರೆಗೂ ಕಾಯಿಸುವುದು ಆ ಮನೆಯ ರೂಢಿ. ಬಂಗಲೆಯ ಮ್ಯಾನೇಜರೊಬ್ಬರು ಊರು ಬಿಡುವಾಗ ಕೊಟ್ಟುಹೋದ ಕೆಂಪು ಎಲೆಕ್ಟ್ರಿಕ್ ಗಿಟಾರಿಗೂ ಮಾವ ಅದೇ ಉಪಚಾರ ಮಾಡುತ್ತಿದ್ದ. ಅದರ ನಡುವೆ ಗಟ್ಟಿ ಮರ, ಎರಡು ಪಕ್ಕ ಪೊಳ್ಳು, ಮೈಮೇಲೆ ಬಳುಕಿದ ಎರಡು ಸೀಳು. ‘ಇವ್ಳು ಅರೆಹೊಟ್ಟೆಯೋಳು ಕಣವ್ವ, ನಮ್ಮಂಗೆ’ ಎನ್ನುತ್ತಿದ್ದ. ಒಲೆಯ ಕಡೆಯ ಮಗ್ಗುಲಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ಅದನ್ನು ಯಾರೂ ಲೆಕ್ಕಕ್ಕೆ ತಗೊಂಡಿರಲಿಲ್ಲ.

ಲೈನಿನವರ ರೇಡಿಯೋ, ಟಾರ್ಚು ರಿಪೇರಿ ಮಾಡುತ್ತಾ ನನ್ನ ಕೈಗೆ ಬೆಸುಗೆ ಕಡ್ಡಿ ಕೊಟ್ಟವನೂ ಅವನೇ. ಸುಟ್ಟುಹೋದೀತೆಂದು ನಾನು ಹಿಂಜರಿದರೆ, ‘ಹೆದರ್ಬ್ಯಾಡ, ಸತ್ತಿರೋದ್ನ ಇನ್ನೇನು ಸಾಯಿಸ್ತೀಯ’ ಎಂದು ನಗುತ್ತಿದ್ದ. ಹಾಸನದಲ್ಲಿ ಹಾಸ್ಟೆಲ್ ಸೇರಿದ ದಿನ ನನ್ನ ಪೆಟ್ಟಿಗೆ ಹೊತ್ತು ತಂದವನೂ ಅವನು.

ನಾನು ಕೊನೆಯ ವರ್ಷದಲ್ಲಿದ್ದಾಗ ಗಿಟಾರ್ ಕೆಟ್ಟಿತು. ಆನೇಮಹಲ್‌ನ ಶಿವಣ್ಣನ ಆರ್ಕೆಸ್ಟ್ರಾದಲ್ಲಿ ಮಾವ ನುಡಿಸುತ್ತಿದ್ದ. ಸ್ಪೀಕರ್ ದನಿ ಏರಿಸಿದರೆ ಸಾಕು, ಗಿಟಾರ್ ಕುಕ್ಕರಿನಂತೆ ಕಿರುಚುತ್ತಿತ್ತು. ಗಣೇಶನ ಹಬ್ಬದ ಮೊದಲ ಕಾರ್ಯಕ್ರಮದಲ್ಲೂ ಹೀಗಾದರೆ ಕೀಬೋರ್ಡಿನವನೇ ಸಾಕು ಎಂದು ಶಿವಣ್ಣ ಹೇಳಿಬಿಟ್ಟ. ಮಾವನಿಗೆ ಬೇರೆ ಕಸುಬಿರಲಿಲ್ಲ. ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ ಮಾಡುವಾಗ ಬಿದ್ದು ಸೊಂಟ ಹೋದ ಮೇಲೆ ತೋಟದ ಕೆಲಸಕ್ಕೆ ಅವನನ್ನು ಕರೆಯುತ್ತಿರಲಿಲ್ಲ.

ತಂತಿಗಳ ಕೆಳಗಿನ ಪಿಕಪ್‌ಗಳಿಗೆ ವಯಸ್ಸಾಗಿದೆ ಎಂದುಕೊಂಡೆವು. ಅಯಸ್ಕಾಂತಕ್ಕೆ ಕೂದಲೆಳೆಯಂಥ ತಾಮ್ರ ಸುತ್ತಿದ ಆ ತುಂಡುಗಳೇ ತಂತಿಯ ಮಿಡಿತವನ್ನು ಕರೆಂಟಾಗಿಸಿ ಸ್ಪೀಕರಿಗೆ ಕಳಿಸುವುದು. ಹೊಸ ಪಿಕಪ್, ಹೊಸ ವೈರು, ಹೊಸ ವಾಲ್ಯೂಮ್ ತಿರುಪುಗಳು ಬಂದವು. ಈ ಗಿಟಾರಿಗೆ ಹಿಂದೆ ಬಾಗಿಲಿಲ್ಲ. ಎಲ್ಲವೂ ಆ ಸೀಳಿನಿಂದಲೇ ಹೋಗಿ ಬರಬೇಕು. ಹಳೆಯ ತಿರುಪುಗಳಿಗೆ ಹೂ ಕಟ್ಟುವ ದಾರ ಬಿಗಿದು ಸೀಳಿನಿಂದ ಹೊರಗೆಳೆದೆವು; ದಾರದ ಇನ್ನೊಂದು ತುದಿ ತಿರುಪು ಕೂರುವ ತೂತಿನಲ್ಲೇ ಉಳಿಯಿತು. ಅದೇ ದಾರಕ್ಕೆ ಹೊಸದನ್ನು ಕಟ್ಟಿ, ನಾನು ಸೀಳಿನಲ್ಲಿ ಬೆರಳು ತೂರಿಸಿ ದೂಡುತ್ತಿದ್ದರೆ ಮಾವ ತೂತಿನ ಕಡೆಯಿಂದ ಉಸಿರು ಬಿಗಿಹಿಡಿದು ಎಳೆಯುತ್ತಿದ್ದ. ದಾರ ಜಾರಿದಾಗಲೆಲ್ಲ ಮೊದಲಿಂದ ಶುರು. ಕೊನೆಗೆ ನುಡಿಸಿ ನೋಡಿದರೆ ಕಿರುಚಾಟವೇ ಇಲ್ಲ. ಮಾವ ಅತ್ತುಬಿಟ್ಟ.

ಹಬ್ಬಕ್ಕೆ ಮುಂಚಿನ ವಾರವೆಲ್ಲ ಥಂಡಿ. ನಾನು ಹಾಸ್ಟೆಲಿಗೆ ಮರಳಿದ್ದೆ. ಅಷ್ಟು ಕಷ್ಟಪಟ್ಟು ಸರಿಮಾಡಿದ್ದಕ್ಕೆ ಥಂಡಿ ಹಿಡಿಯಬಾರದೆಂದು ಮಾವ ದಿನವೂ, ಎಂದಿಗಿಂತ ಹೆಚ್ಚು ಹೊತ್ತು, ಅದನ್ನು ಒಲೆಯ ಪಕ್ಕ ನಿಲ್ಲಿಸಿದ. ಪಾಳ್ಯದ ಗಣೇಶನ ಪೆಂಡಾಲಿನಲ್ಲಿ ಎರಡನೇ ಹಾಡಿಗೇ ಗಿಟಾರ್ ಕಿರುಚಿತು. ಜನ ಕಿವಿ ಮುಚ್ಚಿಕೊಂಡು ನಕ್ಕರು. ಶಿವಣ್ಣ ತಾನೇ ಬಂದು ವೈರು ಕಿತ್ತನಂತೆ.

ಓಡಿಬಂದು ಬಿಚ್ಚಿ ನೋಡಿದೆ. ಪಿಕಪ್ಪಿನೊಳಗೆ ತಾಮ್ರದ ಸುತ್ತು ಅದುರಿ ಕಿರುಚದಂತೆ ತುಂಬಿಸಿದ್ದ ಮೇಣ ಕರಗಿ, ಕೆಳಗೆ ಹನಿಹನಿಯಾಗಿ ಹೆಪ್ಪುಗಟ್ಟಿತ್ತು. ಅದರಡಿಯಲ್ಲಿ ಧೂಳು ಕೂತ, ಹಳೆಯ ಪಿಕಪ್‌ಗಳಿಂದ ಇಳಿದಿದ್ದ ಮೇಣ. ಮಾವನಿಗೆ ತೋರಿಸಿದೆ. ಉಗುರಲ್ಲಿ ಕೆರೆದು ಮೂಸಿ ನೋಡಿದ.

‘ಅಂಗಾರೆ ನಾನೇ ಇವಳ ಬಾಯಿ ಸುಟ್ಟುಬುಟ್ನಾ?’

ನಾನು ಪಿಕಪ್‌ಗಳನ್ನು ಹೊರತೆಗೆದು ಒಲೆಯ ಮೇಲೆ ನೀರಿಟ್ಟೆ.

ಜೇನುಮೇಣಕ್ಕೆ ಮೇಣದಬತ್ತಿ ಸೇರಿಸಿ, ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಕರಗಿಸಿ, ಪಿಕಪ್‌ಗಳನ್ನು ಅದ್ದಿ ತೆಗೆದೆ. ಗಿಟಾರ್ ಸರಿಹೋಯಿತು, ಮೊದಲಿಗಿಂತ ಚೆನ್ನಾಗಿಯೇ. ಆದರೆ ಶಿವಣ್ಣ ಫೋನ್ ಎತ್ತುವುದನ್ನೇ ಬಿಟ್ಟಿದ್ದ. ಕಾರ್ಯಕ್ರಮವಿದ್ದ ಸಂಜೆ ಮಾವ ಇಸ್ತ್ರಿ ಅಂಗಿ ತೊಟ್ಟು, ಗಿಟಾರ್ ಹೆಗಲಿಗೇರಿಸಿಕೊಂಡು ಆನೇಮಹಲ್‌ನ ರಸ್ತೆ ಬದಿಯಲ್ಲಿ ನಿಲ್ಲುತ್ತಿದ್ದ. ಆರ್ಕೆಸ್ಟ್ರಾದ ವ್ಯಾನು ಎದುರಿಗೇ ಹಾದುಹೋಗುತ್ತಿತ್ತು. ಒಳಗಿದ್ದ ಡ್ರಮ್ಮಿನವನು ಕೈ ಬೀಸುತ್ತಿದ್ದನಂತೆ. ಅದನ್ನೇ ಮಾವ ಮನೆಗೆ ಬಂದು ಅವ್ವನಿಗೆ ಹೇಳುತ್ತಿದ್ದ, ಇನ್ನೂ ಮರೆತಿಲ್ಲ ನನ್ನ, ಎಂದು.

ಈಗ ಮಾವ ಎಲ್ಲಿದ್ದಾನೋ ನಮಗೆ ಗೊತ್ತಿಲ್ಲ. ಘಾಟಿ ಇಳಿದು ಮಂಗಳೂರಿನ ಕಡೆ ಆರ್ಕೆಸ್ಟ್ರಾದಲ್ಲಿ ಕೆಲಸ ಕೇಳಿಕೊಂಡು ಹೋದವನ ಫೋನಿಗೆ ಕರೆಯೇ ಹೋಗುವುದಿಲ್ಲ.

ಮಾವ ಹೊರಡುವ ಹಿಂದಿನ ದಿನ ನನ್ನ ಡಿಗ್ರಿ ಸರ್ಟಿಫಿಕೇಟ್ ಬಂದಿತ್ತು. ನಮ್ಮ ಮನೆತನದಲ್ಲಿ ಅಂಥದೊಂದು ಕಾಗದ ಬಂದದ್ದು ಅದೇ ಮೊದಲು. ಅವ್ವ ಮುಟ್ಟಲು ಹೆದರಿದಳು. ಮಾವನ ಕೈಗೆ ಕೊಟ್ಟೆ. ಪಂಚೆಗೆ ಕೈ ಒರೆಸಿಕೊಂಡು ತಗೊಂಡ. ನನ್ನ ಹೆಸರಿರುವ ಸಾಲನ್ನು ಬೆರಳಿಟ್ಟು ಓದಿದ, ಮತ್ತೊಮ್ಮೆ ಓದಿದ. ಆಮೇಲೆ ಮುಖ ಎತ್ತದೆ, ಸಣ್ಣ ದನಿಯಲ್ಲಿ ಕೇಳಿದ:

‘ಇದ್ನ ತಗೊಂಡೋಗಿ ಶಿವಣ್ಣಂಗೆ ತೋರ್ಸವ್ವ. ಗಿಟಾರ್ ನಾನೇ ರಿಪೇರಿ ಮಾಡಿದೀನಿ, ಇನ್ಮ್ಯಾಕೆ ಕಿರುಚಕಿಲ್ಲ ಅಂತ ನೀನೇ ಹೇಳು. ನಿನ್ ಮಾತಾದ್ರೆ ನಂಬ್ತಾನೆ.’